ಗಾಳ ಹಾಕೋಕೆ ಉಬ್ಬರ-ಇಳಿತ ನೋಡೋದು: ಮ್ಯಾಪ್ ಆಪಾ, ಟೈಡ್ ಟೇಬಲ್ಲಾ?

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ಟೈಡ್ ಟೇಬಲ್‌ಗೆ, ಅಂದ್ರೆ ಯಾವ ದಿನ ಎಷ್ಟೊತ್ತಿಗೆ ಉಬ್ಬರ, ಇಳಿತ ಅಂತ ಬರೆದಿರೋ ಪಟ್ಟಿಗೆ. ವರ್ಷದ ದುಡ್ಡು ಕಟ್ಟಿ ತಗೊಂಡ ಮ್ಯಾಪ್ ಆಪ್ ಫೋನಲ್ಲಿ ಇನ್ನೂ ಇದೆ, ರಿನ್ಯೂ ಮಾತ್ರ ಮಾಡಲ್ಲ.

ಬೆಂಗಳೂರಲ್ಲಿದ್ಕೊಂಡು ಸಮುದ್ರದ ಮೀನಿನ ಹುಚ್ಚು ಹಚ್ಕೊಂಡೋರ ಕಷ್ಟ ಬೇರೆ. ಶುಕ್ರವಾರ ರಾತ್ರಿ ಉಡುಪಿ ಬಸ್ ಹತ್ತಿ, ಶನಿವಾರ ಬೆಳಗ್ಗೆ ಕೋಡಿಬೆಂಗ್ರೆ ಕಡೆ, ಭಾನುವಾರ ರಾತ್ರಿ ವಾಪಸ್. ಅಲ್ಲಿನವರ ಥರ ನೀರು ನೋಡಿ ಮನೆಯಿಂದ ಹೊರಡೋಕಾಗಲ್ಲ, ಯಾವ ವೀಕೆಂಡಲ್ಲಿ ಬೆಳಗಿನ ಹೊತ್ತು ನೀರು ಏರ್ತಿರತ್ತೆ ಅಂತ ತಿಂಗಳ ಮುಂಚೆನೇ ಗೊತ್ತಿದ್ರೆ ಟಿಕೆಟ್ ಬುಕ್ ಮಾಡ್ಬಹುದು. ನಾನು ನೋಡಿದ ಫ್ರೀ ಆಪ್‌ಗಳು ಒಂದು ವಾರದಾಚೆ ತೋರಿಸ್ಲಿಲ್ಲ, ಅದಕ್ಕೇ ದುಡ್ಡು ಕಟ್ಟಿದ್ದು.

ತಲೆನೋವು ಶುರುವಾಗಿದ್ದು ಪಿನ್ನಿಂದ. ಮ್ಯಾಪಲ್ಲಿ ಎಲ್ಲಿ ಒತ್ತಿದ್ರೂ ಈ ಆಪ್ ನಿಮಿಷದ ಲೆಕ್ಕದಲ್ಲಿ ಉಬ್ಬರದ ಟೈಮ್ ಕೊಡತ್ತೆ. ಸ್ವರ್ಣಾ, ಸೀತಾ ಎರಡೂ ಸೇರಿ ಸಮುದ್ರಕ್ಕೆ ಬೀಳೋ ಅಳಿವೆ ಹತ್ರ ಒತ್ತಿದೆ, ಒಂದು ಟೈಮ್. ಹಿನ್ನೀರಲ್ಲಿ ಅಷ್ಟು ದೂರ ಒಳಗೆ ಹೋಗಿ ಒತ್ತಿದೆ, ಅದೇ ಟೈಮ್! ಅಂದ್ರೆ ನಾನು ಒತ್ತಿದ ಜಾಗದ್ದಲ್ಲ, ಇನ್ನೆಲ್ಲಿಂದಲೋ ತಂದಿದ್ದು, ಎಲ್ಲಿಂದ ಅಂತ ಮಾತ್ರ ಎಲ್ಲೂ ಬರೆದಿಲ್ಲ. ಆಪ್ ಪ್ರಕಾರ ಇಳಿತ ಶುರುವಾಗಿ ಎಷ್ಟೋ ಹೊತ್ತಾದ್ರೂ ಎದುರಿಗೆ ನೀರು ಇನ್ನೂ ಒಳಗೇ ನುಗ್ತಿತ್ತು. ದೋಣಿಯವರನ್ನ ಕೇಳಿದ್ರೆ, "ಅದು ಅಳಿವೆ ಬಾಗಿಲಿನ ಲೆಕ್ಕ ಮಾರಾಯ್ರೆ, ನೀರು ಇಲ್ಲಿವರೆಗೆ ಬರ್ಬೇಕಲ್ಲ" ಅಂದ್ರು.

ಇನ್ನೊಂದು, ಎತ್ತರದ ಲೆಕ್ಕ. ಒಂದೇ ಗಂಟೆಗೆ ಟೇಬಲ್‌ನಲ್ಲಿ 0.4 ಮೀಟರ್ ಇದ್ರೆ ಆಪಲ್ಲಿ ಮೈನಸ್. ಎರಡೂ ಸರಿನೇ, ಸೊನ್ನೆ ಎಲ್ಲಿ ಇಟ್ಟಿದಾರೆ ಅನ್ನೋದು ಬೇರೆ: ಟೇಬಲ್ ಇಳಿತದ ತೀರಾ ಕೆಳಗಿನ ಮಟ್ಟದಿಂದ ಎಣಿಸತ್ತೆ, ಆಪ್ ಸಮುದ್ರದ ಸರಾಸರಿ ಮಟ್ಟದಿಂದ. ಅದನ್ನ ಒಂದು ಸಾಲಲ್ಲಿ ಬರೆದಿದ್ರೆ ಆಪ್‌ನವರ ಗಂಟೇನು ಹೋಗ್ತಿತ್ತು?

ಟೇಬಲ್ ಅಂದ್ರೆ ಸರ್ವೆ ಆಫ್ ಇಂಡಿಯಾ ವರ್ಷ ವರ್ಷ ಹೊರಡಿಸೋದು. ಬಂದರಿನ ಹೆಸರು, ತಾರೀಖು, ಟೈಮು, ಎತ್ತರ, ಅಷ್ಟೇ, ನೋಡೋಕೆ ರೈಲ್ವೆ ಟೈಮ್‌ಟೇಬಲ್ ಥರ ಬೋರಿಂಗ್. ಆದ್ರೆ ಇದು ನವಮಂಗಳೂರಿನ ಲೆಕ್ಕ ಅಂತ ನೇರವಾಗಿ ಹೇಳತ್ತೆ, ನಾನು ಕೂರೋ ಜಾಗಕ್ಕೆ ಎಷ್ಟು ತಡ ಅಂತ ಅಲ್ಲಿನವರನ್ನ ಕೇಳಿ ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಗುರುತು ಹಾಕ್ಕೊಂಡಿದೀನಿ. ಇಡೀ ವರ್ಷದ್ದು ಒಟ್ಟಿಗೆ ಸಿಗತ್ತೆ, ನೆಟ್‌ವರ್ಕೂ ಬೇಡ.

ಗೋಡೆ ಕ್ಯಾಲೆಂಡರ್ ಕೂಡ ಸ್ಪರ್ಧೆಯಲ್ಲಿದೆ ನೋಡಿ, ತಮಾಷೆ ಅಲ್ಲ. ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಏರಿಳಿತ ಜೋರು, ಅಷ್ಟಮಿ ಹತ್ರ ಸಪ್ಪೆ, ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗ್ತಾ ಹೋಗತ್ತೆ. ಟಿಕೆಟ್ ಬುಕ್ ಮಾಡೋಕೆ ಮುಂಚೆ ನಾನು ಮೊದಲು ನೋಡೋದು ಇದನ್ನೇ.

ಮ್ಯಾಪ್ ಬೇಡ್ವೇ ಬೇಡ ಅಂತಲ್ಲ. ಸ್ಯಾಟಲೈಟ್ ಚಿತ್ರದಲ್ಲಿ ಮರಳದಿಣ್ಣೆ, ದಡಕ್ಕಿಳಿಯೋ ದಾರಿ ಹುಡುಕೋಕೆ ಬೆಸ್ಟ್, ಅದಕ್ಕೆ ಫ್ರೀ ಮ್ಯಾಪೇ ಸಾಕು. ಮಲ್ಪೆಯಲ್ಲೇ ಮನೆ ಇದ್ದು ಮನಸ್ಸಾದಾಗ ಗಾಳ ಹಾಕೋರಿಗೆ ಫ್ರೀ ಆಪ್ ಕೂಡ ನಡೆಯತ್ತೆ, ನನ್ನಂಗೆ ಬಸ್ಸಿಗೆ ಕಾಸು ಸುರಿಯೋರು ಆ ಸಬ್‌ಸ್ಕ್ರಿಪ್ಷನ್ ದುಡ್ಡಲ್ಲಿ ಒಳ್ಳೇ ನೈಲಾನ್ ದಾರ ತಗೊಳ್ಳಿ. ಮಳೆಗಾಲದಲ್ಲಿ ಮಾತ್ರ ಮೂರನ್ನೂ ಪೂರ್ತಿ ನಂಬ್ಬೇಡಿ, ಇವೆಲ್ಲ ಸೂರ್ಯ-ಚಂದ್ರರ ಲೆಕ್ಕ, ಘಟ್ಟದ ಮೇಲೆ ಸುರಿದು ಹೊಳೆ ತುಂಬಿ ಬರೋ ನೀರಿನದ್ದಲ್ಲ.