ದೊಡ್ಡಪ್ಪನ ಆಲೂಗಡ್ಡೆ ಹೊಲದಲ್ಲಿ ಮೂರು ಪರೀಕ್ಷೆಗಳು

ಹಾಸನ ತಾಲ್ಲೂಕಿನಲ್ಲಿರುವ ದೊಡ್ಡಪ್ಪನ ಹೊಲದಲ್ಲಿ ಕುಫ್ರಿ ಜ್ಯೋತಿ ತಳಿಯ ಆಲೂಗಡ್ಡೆಗೆ ಐದು ಬಗೆಯ ಗೊಬ್ಬರ ಹಾಕಿ ನೋಡಿದೆ. ಹೊಲದ ನಾಲ್ಕು ಭಾಗ (ಬ್ಲಾಕ್), ಒಂದೊಂದರಲ್ಲೂ ಐದೂ ಗೊಬ್ಬರ, ಒಟ್ಟು 20 ತಾಕು, ಒಂದೊಂದೂ 20 ಚದರ ಮೀಟರ್. ದೊಡ್ಡಪ್ಪನ ರೂಢಿಯ ಗೊಬ್ಬರಕ್ಕೆ ತಾಕಿಗೆ ಸರಾಸರಿ 31.2 ಕಿಲೋ ಬಂತು. ಅದರ ಜೊತೆಗೆ ಬೇವಿನ ಹಿಂಡಿ ಸೇರಿಸಿದಾಗ 32.4, ಹೊಂಗೆ ಹಿಂಡಿಗೆ 33.9, ಎರೆಗೊಬ್ಬರಕ್ಕೆ 34.8, ಕೋಳಿಗೊಬ್ಬರಕ್ಕೆ 35.9. ಎಲ್ಲ ಸರಾಸರಿಗಳನ್ನೂ ಒಟ್ಟಿಗೆ ಹೋಲಿಸುವ ಅನೋವಾ ಪರೀಕ್ಷೆಯ ಎಫ್ ಬೆಲೆ 4.87 ಬಂತು; ಸುಳ್ಳು ಫಲಿತಾಂಶದ ಸಂಭವವನ್ನು 5%ಕ್ಕೆ ಮಿತಿಗೊಳಿಸಲು 3.26 ಸಾಕಿತ್ತು. ಎಲ್ಲೋ ವ್ಯತ್ಯಾಸವಿದೆ ಎಂದಾಯಿತು. ಎಲ್ಲಿ ಎಂಬುದನ್ನು ಅನೋವಾ ಹೇಳುವುದಿಲ್ಲ.

ಮೊದಲು ಫಿಶರ್ ಅವರ ಎಲ್‌ಎಸ್‌ಡಿ ಹಾಕಿದೆ, ಅಂದರೆ ಒಂದೊಂದು ಜೋಡಿಯನ್ನೂ ಬೇರೆಬೇರೆಯಾಗಿ ಹೋಲಿಸಲು ಬೇಕಾದ ಕನಿಷ್ಠ ಅಂತರ. ನಮ್ಮ ಕೃಷಿ ಪ್ರಬಂಧಗಳ ಕೋಷ್ಟಕದ ಅಡಿಯಲ್ಲಿ ಕಾಣುವ ಸಿ.ಡಿ. (ಕ್ರಿಟಿಕಲ್ ಡಿಫರೆನ್ಸ್) ಸಾಮಾನ್ಯವಾಗಿ ಇದೇ. ಎರಡು ಸರಾಸರಿಗಳ ನಡುವೆ 2.6 ಕಿಲೋ ಅಂತರವಿದ್ದರೆ ಸಾಕು. ಬೇವನ್ನು ಬಿಟ್ಟು ಉಳಿದ ಮೂರೂ ರೂಢಿಯನ್ನು ಮೀರಿದವು, ಕೋಳಿಗೊಬ್ಬರ ಬೇವನ್ನೂ ಮೀರಿತು. ನನಗೆ ಖುಷಿಯಾಯಿತು, ಆದರೆ ಅದು ನಿಲ್ಲಲಿಲ್ಲ. ಐದು ಗೊಬ್ಬರಗಳಿಗೆ ಹತ್ತು ಜೋಡಿ. ಹತ್ತೂ ಸ್ವತಂತ್ರ ಹೋಲಿಕೆಗಳಾಗಿದ್ದರೆ, ನಿಜದಲ್ಲಿ ಏನೂ ವ್ಯತ್ಯಾಸವಿಲ್ಲದಿದ್ದರೂ ಒಂದಾದರೂ ಸುಳ್ಳು ಫಲಿತಾಂಶ ಬರುವ ಸಂಭವ ಸುಮಾರು 40%. ಜೋಡಿಗಳು ಸರಾಸರಿಗಳನ್ನು ಹಂಚಿಕೊಳ್ಳುವುದರಿಂದ ಇಲ್ಲಿ ಅದಕ್ಕಿಂತ ಕಡಿಮೆ, ಆದರೂ 5% ಅಲ್ಲ. ಎಫ್ ಪರೀಕ್ಷೆ ದಾಟಿದ ಮೇಲೆ ಮಾಡಿದ್ದೇವಲ್ಲ ಎಂಬ ಸಮಾಧಾನವೂ ಅರ್ಧವೇ: ಒಂದೇ ಒಂದು ಗೊಬ್ಬರ ನಿಜವಾಗಿ ಬೇರೆಯಾಗಿದ್ದರೂ ಬಾಗಿಲು ತೆರೆದುಕೊಳ್ಳುತ್ತದೆ, ಉಳಿದ ಜೋಡಿಗಳೂ ಅದರ ಹಿಂದೆಯೇ ನುಸುಳುತ್ತವೆ.

ಟ್ಯೂಕಿ ಪರೀಕ್ಷೆ ಹತ್ತೂ ಜೋಡಿಗಳ ಸುಳ್ಳು ಫಲಿತಾಂಶದ ಸಂಭವವನ್ನು ಒಟ್ಟಾಗಿ 5% ಒಳಗೆ ಇಡುತ್ತದೆ. ಬೇಕಾದ ಅಂತರ 3.8 ಕಿಲೋಗೆ ಏರಿತು. ರೂಢಿಗೂ ಕೋಳಿಗೊಬ್ಬರಕ್ಕೂ ಇರುವ 4.7 ಮಾತ್ರ ಉಳಿಯಿತು. ಇನ್ನೂ ಕಟ್ಟುನಿಟ್ಟಾದ ಬಾನ್ಫೆರೋನಿ ಪರೀಕ್ಷೆಗೆ 4.1, ಶೆಫೆ ಪರೀಕ್ಷೆಗೆ 4.3 ಬೇಕು. ಜೋಡಿ ಹೋಲಿಕೆಗಷ್ಟೇ ಇವನ್ನು ಬಳಸುವುದು ಇಲ್ಲಿ ದಂಡ.

ಆಗ ದೊಡ್ಡಪ್ಪ ಬಿತ್ತನೆಗೆ ಮೊದಲೇ ಕೇಳಿದ್ದ ಮಾತು ನೆನಪಾಯಿತು: "ಈಗ ಹಾಕುವುದಕ್ಕಿಂತ ಯಾವುದು ಮೇಲು, ಅಷ್ಟು ಹೇಳು ಮಗಳೇ." ಬೇವಿಗೂ ಹೊಂಗೆಗೂ ಇರುವ ಜಗಳ ಅವರಿಗೆ ಬೇಡವೇ ಬೇಡ. ಅವರ ಪ್ರಶ್ನೆಯಲ್ಲಿ ಇರುವುದು ನಾಲ್ಕೇ ಹೋಲಿಕೆ, ನಾಲ್ಕೂ ರೂಢಿಯ ಗೊಬ್ಬರದೊಂದಿಗೆ. ಡನೆಟ್ ಪರೀಕ್ಷೆ ಇರುವುದೇ ಇದಕ್ಕಾಗಿ. ಇಲ್ಲಿ 3.4 ಸಾಕು, ಕೋಳಿಗೊಬ್ಬರದ ಜೊತೆ 3.6 ಅಂತರದ ಎರೆಗೊಬ್ಬರವೂ ಗೆದ್ದಿತು, 2.7ರ ಹೊಂಗೆ ಹಿಂಡಿ ಗೆಲ್ಲಲಿಲ್ಲ. ನನ್ನ ಆಯ್ಕೆ ಡನೆಟ್. ಹೆಚ್ಚು ಗೊಬ್ಬರಗಳನ್ನು ಗೆಲ್ಲಿಸಿತೆಂದು ಅಲ್ಲ. ಹಾಗಿದ್ದರೆ ಎಲ್‌ಎಸ್‌ಡಿಯೇ ಇತ್ತು. ಪ್ರಶ್ನೆ ಫಲಿತಾಂಶಕ್ಕಿಂತ ಮೊದಲೇ ಇತ್ತು ಎಂಬುದಕ್ಕಾಗಿ. ಅಂಕಿಗಳನ್ನು ನೋಡಿದ ಮೇಲೆ ಅನುಕೂಲದ ಪರೀಕ್ಷೆಯನ್ನು ಆರಿಸಿದರೆ ಆ 5% ಮಾತಿಗೆ ಅರ್ಥವೇ ಉಳಿಯುವುದಿಲ್ಲ.

ಓದುವಾಗ ಆಗುವ ತಪ್ಪು ಇನ್ನೊಂದಿದೆ. ಎರೆಗೊಬ್ಬರಕ್ಕೂ ಕೋಳಿಗೊಬ್ಬರಕ್ಕೂ ಕೋಷ್ಟಕದಲ್ಲಿ ಒಂದೇ ಅಕ್ಷರ (ಪರೀಕ್ಷೆ ಬೇರೆ ಎನ್ನಲಾಗದ ಸರಾಸರಿಗಳಿಗೆ ಹಾಕುವ ಗುರುತು) ಬಿದ್ದರೆ ಎರಡೂ ಸಮ ಎಂದು ಬರೆದುಬಿಡುತ್ತೇವೆ. ಟ್ಯೂಕಿ ಪ್ರಕಾರ ಅವುಗಳ ಅಂತರ 1.1, ನಿಜವಾದ ಅಂತರ ಇರಬಹುದಾದ ವ್ಯಾಪ್ತಿ ಮೈನಸ್ 2.7ರಿಂದ ಪ್ಲಸ್ 4.9ರವರೆಗೆ. ಇದು ಸಮಾನತೆಯಲ್ಲ, 20 ತಾಕುಗಳಿಂದ ತೀರ್ಮಾನವಾಗದ ಮಾತು.

ದೊಡ್ಡಪ್ಪನಿಗೆ ಅಕ್ಷರಗಳನ್ನು ತೋರಿಸಲಿಲ್ಲ. ಡನೆಟ್ ವ್ಯಾಪ್ತಿಯ ಎರಡು ತುದಿಗಳನ್ನು ಎಕರೆಯ ಲೆಕ್ಕಕ್ಕೆ ತಂದು, ಕೋಳಿಗೊಬ್ಬರದಿಂದ ಎಕರೆಗೆ ಹೆಚ್ಚುವರಿಯಾಗಿ ಸುಮಾರು 270 ಕಿಲೋ ಮಾತ್ರ ಬರಬಹುದು, 1,600 ಕಿಲೋ ದಾಟಲೂಬಹುದು ಎಂದೆ. ಅವರು 270ನ್ನೇ ಹಿಡಿದು, ಲಾರಿ ಬಾಡಿಗೆಯ ಲೆಕ್ಕ ಹಾಕಲು ಕುಳಿತರು.