ನದಿ ದಡದ ಕಸಕ್ಕೆ ಯಾವುದು ಮೇಲು: ಡಬ್ಬಿಯೋ, ಠೇವಣಿಯೋ?

ಕಾವೇರಿ ದಡದ ದುಬಾರೆ, ಬಲಮುರಿ ಥರದ ಜಾಗಗಳಿಗೆ ಜನ ಜಾಸ್ತಿ ಬರ್ತಿದ್ದಾರೆ, ಜೊತೆಗೆ ಕಸವೂ. ನಿಮ್ಮೂರ ನದಿ ದಡಕ್ಕೆ ಏನು ಮಾಡೋದು ಅಂತ ಯೋಚಿಸುತ್ತಿದ್ದರೆ ಕಸದ ಡಬ್ಬಿ ಇಡುವುದು, ಬಾಟಲಿಗೆ ಠೇವಣಿ ಹಿಡಿಯುವುದು, ಈ ಎರಡನ್ನು ತೂಗಿ ನೋಡಿ.

ದಡದಲ್ಲೇ ಕಸದ ಡಬ್ಬಿ ಇಡುವುದು ಸುಲಭ, ಖರ್ಚೂ ಕಡಿಮೆ. ಆದರೆ ಡಬ್ಬಿ ತುಂಬುವುದು ಭಾನುವಾರ ಮಧ್ಯಾಹ್ನ, ಗಾಡಿ ಬರುವುದು ಸೋಮವಾರ. ಅಷ್ಟರಲ್ಲಿ ಕೋತಿ, ನಾಯಿ ಎಳೆದಾಡಿ ಚಿಪ್ಸ್ ಕವರ್, ಪೇಪರ್ ಪ್ಲೇಟು, ಬಿರಿಯಾನಿ ಮೂಳೆ ಎಲ್ಲ ಕಲ್ಲುಸಂದಿ ಸೇರಿರುತ್ತದೆ, ಮಳೆ ಬಂದು ನೀರು ಏರಿದರೆ ಅದೆಲ್ಲ ಕೆಳಗಿನ ಊರಿನವರ ಪಾಲು.

ಠೇವಣಿ ಅಂದರೆ ಗೇಟಿನಲ್ಲೇ ಬಾಟಲಿ ಎಣಿಸಿ, ಸ್ಟಿಕ್ಕರ್ ಅಂಟಿಸಿ, ದುಡ್ಡು ಹಿಡಿದುಕೊಳ್ಳುವುದು. ಹೋಗುವಾಗ ಬಾಟಲಿ ತೋರಿಸಿದರೆ ದುಡ್ಡು ವಾಪಸ್. ನೀಲಗಿರಿಯಲ್ಲಿ 2022ರಲ್ಲಿ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟಲಿ ತಂದವರಿಗೆ ಅದನ್ನು ಹಿಂದಿರುಗಿಸಲು ಶುರು ಮಾಡಿದವು. ಬರಿಗಾಲಲ್ಲಿ ನೀರಿಗಿಳಿಯುವ ಮಕ್ಕಳನ್ನು ನೆನೆದರೆ, ಒಡೆದ ಗಾಜು ತಪ್ಪಿಸುವುದಕ್ಕಾದರೂ ಇದು ಬೇಕು ಅನಿಸುತ್ತದೆ ಅಲ್ವಾ?

ಆದರೆ ಠೇವಣಿಗೆ ಆಳು ಬೇಕು, ಚಿಲ್ಲರೆ ಬೇಕು, ಮುಖ್ಯವಾಗಿ ದಾರಿ ಒಂದೇ ಇರಬೇಕು. ದುಬಾರೆಯಲ್ಲಿ ಆನೆ ಶಿಬಿರಕ್ಕೆ ದೋಣಿ ಹತ್ತುವ ಜಾಗ ಇದೆಯಲ್ಲ, ಅಂಥ ಕಡೆ ಕಣ್ಣು ಮುಚ್ಚಿ ಠೇವಣಿ ಆರಿಸಿ. ಗದ್ದೆ ತೋಟಗಳ ನಡುವಿಂದ ನಾಲ್ಕೂ ಕಡೆ ಜನ ಇಳಿಯುವಲ್ಲಿ ಗೇಟು ಹಾಕಿ ಉಪಯೋಗವಿಲ್ಲ, ಡಬ್ಬಿಯೇ ಗತಿ. ಆಗಲೂ ಡಬ್ಬಿ ದಡದಲ್ಲಿ ಬೇಡ. ಗಾಡಿ ನಿಲ್ಲಿಸುವ ಕಡೆ, ಗಟ್ಟಿ ಮುಚ್ಚಳ ಇರುವಂಥದ್ದನ್ನು ಇಡಿ, ಭಾನುವಾರ ಸಂಜೆಯೇ ಖಾಲಿ ಮಾಡಿಸಿ. ಶೌಚಾಲಯದ ಸಮಸ್ಯೆ ಎರಡರಿಂದಲೂ ಬಗೆಹರಿಯಲ್ಲ, ಅದಕ್ಕೆ ದುಡ್ಡು ಬೇರೆಯೇ ಎತ್ತಿಡಬೇಕು.