ದುಡ್ಡು ಬರುವ ಮೊದಲೇ 'ಎಲ್ಲಾ ಸಂದಾಯವಾಗಿದೆ' ಅಂತ ಸಹಿ ಹಾಕಬೇಡಿ

ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ನಾಲ್ಕು ವರ್ಷ ಅಕೌಂಟ್ಸ್ ನೋಡಿಕೊಂಡಿದ್ದೆ. ಕಳೆದ ಜನವರಿಯಲ್ಲಿ ಕೆಲಸ ಬಿಟ್ಟೆ. ನೋಟಿಸ್ ಅವಧಿ ಪೂರ್ತಿ ಮುಗಿಸಿ, ಲ್ಯಾಪ್‌ಟಾಪ್, ಐಡಿ ಕಾರ್ಡ್ ಎಲ್ಲಾ ಒಪ್ಪಿಸಿದ್ದೆ. ಯಾರ ಜೊತೆಗೂ ಜಗಳವಿರಲಿಲ್ಲ.

ಕೊನೆಯ ದಿನ ಸಂಜೆ ಎಚ್‌ಆರ್ ಮೇಡಂ ಒಂದು ಹಾಳೆ ಮುಂದಿಟ್ಟರು. 'ನನಗೆ ಬರಬೇಕಾದ ಹಣ ಪೂರ್ತಿ ಸಂದಾಯವಾಗಿದೆ, ಇನ್ನೇನೂ ಬಾಕಿ ಇಲ್ಲ' ಅಂತ ಟೈಪ್ ಆಗಿತ್ತು. ದುಡ್ಡೆಲ್ಲಿ ಮೇಡಂ ಅಂದೆ. "ಅದಕ್ಕೆ 45 ದಿನ ಆಗುತ್ತಮ್ಮಾ, ಕಂಪನಿ ಪಾಲಿಸಿ. ಇದು ಸುಮ್ನೆ ಫಾರ್ಮಾಲಿಟಿ. ಸಹಿ ಹಾಕಿದ್ರೆ ಈಗಲೇ ರಿಲೀವಿಂಗ್ ಲೆಟರ್ ಕೊಡ್ತೀನಿ" ಅಂದರು. ಅಕೌಂಟ್ಸ್‌ನಲ್ಲಿ ಕೂತವಳಿಗೆ ದುಡ್ಡಿಲ್ಲದ ರಸೀದಿ ಕೊಡು ಅಂದರೆ ಹೇಗೆ? ಹಾಕಲಿಲ್ಲ. ಲೆಟರೂ ಸಿಗಲಿಲ್ಲ. ನನ್ನ ಜೊತೆಗೇ ಬಿಟ್ಟ ಸಹೋದ್ಯೋಗಿಯೊಬ್ಬರು ಹೊಸ ಕೆಲಸಕ್ಕೆ ಲೆಟರ್ ಬೇಕಿತ್ತು ಅಂತ ಸಹಿ ಹಾಕಿದರು. ಈಗ ಅವರು ಏನು ಕೇಳಿದರೂ ಕಂಪನಿ ಆ ಹಾಳೆಯನ್ನೇ ತೋರಿಸುತ್ತಿದೆ.

45 ದಿನ ಅನ್ನುವುದು ಕಾನೂನಲ್ಲ. 2025ರ ನವೆಂಬರ್ 21ರಿಂದ ವೇತನ ಸಂಹಿತೆ (ಕೋಡ್ ಆನ್ ವೇಜಸ್) ಅನ್ನುವ ಕೇಂದ್ರದ ಕಾನೂನು ಜಾರಿಯಲ್ಲಿದೆ. ಅದರ 17ನೇ ಸೆಕ್ಷನ್ ಪ್ರಕಾರ, ಅವರೇ ತೆಗೆದರೂ, ನಾವೇ ರಾಜೀನಾಮೆ ಕೊಟ್ಟರೂ, ಕಂಪನಿ ಮುಚ್ಚಿಹೋದರೂ, ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. 1936ರ ಹಳೆಯ ವೇತನ ಪಾವತಿ ಕಾಯ್ದೆಯಲ್ಲಿ ಈ ಎರಡು ದಿನದ ಮಾತು ಮಾಲೀಕರು ತೆಗೆದುಹಾಕಿದಾಗ ಮಾತ್ರ ಇತ್ತು. ಅದೂ ಕೊನೆಕೊನೆಗೆ ತಿಂಗಳಿಗೆ 24,000 ರೂಪಾಯಿ ಸಂಬಳದವರೆಗೆ ಅಷ್ಟೇ. ಎಷ್ಟೋ ಎಚ್‌ಆರ್‌ಗಳು ಇನ್ನೂ ಆ ಕಾಲದಲ್ಲೇ ಇದ್ದಾರೆ, ಅಥವಾ ಇದ್ದಂತೆ ನಟಿಸುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಹಣ ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು, ನಮ್ಮದಲ್ಲ. ಆ ಹಾಳೆಗೆ ಅಷ್ಟೊಂದು ಅವಸರ ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಸಾಕ್ಷಿಯನ್ನು ನಮ್ಮ ಕೈಯಿಂದಲೇ ಬರೆಸಿಕೊಳ್ಳುತ್ತಾರೆ. ಬಾಕಿ ಹಣದ ಹಕ್ಕು ಬಿಟ್ಟುಕೊಡುತ್ತೇನೆ ಅಂತ ಬರೆದುಕೊಟ್ಟ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ, ಹಾಗಾಗಿ ಸಹಿ ಹಾಕಿದವರೂ ಕೈಚೆಲ್ಲಬೇಕಿಲ್ಲ. ಆದರೆ 'ದುಡ್ಡು ಬಂದಿದೆ' ಅಂತ ಬರೆದುಕೊಟ್ಟಿದ್ದರೆ ಬಂದಿಲ್ಲ ಅಂತ ತೋರಿಸುವ ತಲೆನೋವು ನಮ್ಮ ಮೇಲೆ ಬೀಳುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಅಲೆಯಬೇಕು.

ಕೇಳಿ ಕೇಳಿ ಸಾಕಾದ ಮೇಲೆ ನನ್ನ ಸೆಟ್ಲ್‌ಮೆಂಟ್ ಶೀಟ್ ಬಂತು. ಜನವರಿ ಸಂಬಳದ ಕೆಳಗೆ 'ಟ್ರೇನಿಂಗ್ ಖರ್ಚು' ಅಂತ 18,000 ಕಳೆದಿದ್ದರು. ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಹೊಸ ವರ್ಷನ್ ಬಂದಾಗ ಅರ್ಧ ದಿನ ಕೂರಿಸಿ ತೋರಿಸಿದ್ದೇ ಆ ಟ್ರೇನಿಂಗ್! ಉಳಿದ ರಜೆಯ ಮುಂದೆ ಸೊನ್ನೆ. ಸಂಬಳದಿಂದ ಏನೇನು ಹಿಡಿಯಬಹುದು ಅನ್ನುವುದಕ್ಕೆ ಕಾನೂನಿನಲ್ಲೇ ಪಟ್ಟಿ ಇದೆ. ಗೈರುಹಾಜರಿ, ಮುಂಗಡ, ಪಿಎಫ್, ತೆರಿಗೆ ಅಂಥವು. ಟ್ರೇನಿಂಗ್ ಖರ್ಚು ಅದರಲ್ಲಿಲ್ಲ. ಇಂತಿಷ್ಟು ವರ್ಷ ಇರುತ್ತೇನೆ ಅಂತ ಬಾಂಡ್ ಬರೆದುಕೊಟ್ಟಿದ್ದರೆ ಕಥೆ ಬೇರೆ. 2025ರಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತನ್ನು ಎತ್ತಿಹಿಡಿದಿದೆ. ನಾನು ಯಾವ ಬಾಂಡನ್ನೂ ಕೊಟ್ಟಿರಲಿಲ್ಲ. ರಜೆಯ ವಿಷಯಕ್ಕೆ ಬಂದರೆ, ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ 20 ದಿನ ದುಡಿದರೆ ಒಂದು ದಿನ ಸಂಬಳ ಸಹಿತ ರಜೆ. ಬಳಸದೆ ಉಳಿದದ್ದಕ್ಕೆ ಬಿಡುವಾಗ ದುಡ್ಡು ಕೊಡಬೇಕು.

ಸೆಕ್ಷನ್ ನಂಬರ್ ಹಾಕಿ ಮೇಲ್ ಮಾಡಿದೆ. ಕಾರ್ಮಿಕ ಇಲಾಖೆಗೆ ಬರೆದ ದೂರಿನ ಪ್ರತಿಯನ್ನೂ ಜೊತೆಗಿಟ್ಟೆ. ಅದೇ ವಾರ ಸಂಬಳ ಖಾತೆಗೆ ಬಿತ್ತು. ಟ್ರೇನಿಂಗ್ ಮತ್ತು ರಜೆಯ ಲೆಕ್ಕ ಇನ್ನೂ ಲೇಬರ್ ಆಫೀಸಿನಲ್ಲಿದೆ. ಇಂಥ ಬಾಕಿಗೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅಲ್ಲಿದೆ.

ಕೆಲಸ ಬಿಡುವವರಿದ್ದರೆ ಪೇಸ್ಲಿಪ್, ರಜೆ ಬ್ಯಾಲೆನ್ಸ್, ರಾಜೀನಾಮೆ ಒಪ್ಪಿಕೊಂಡ ಮೇಲ್ ಇವನ್ನೆಲ್ಲ ಮೊದಲೇ ತೆಗೆದಿಟ್ಟುಕೊಳ್ಳಿ. ಕೊನೆಯ ದಿನ ಮಧ್ಯಾಹ್ನವೇ ನನ್ನ ಲಾಗಿನ್ ಬಂದ್ ಆಗಿತ್ತು. ಸಹಿ ಹಾಕಲೇಬೇಕು ಅಂತ ಕೂತರೆ, ಪಕ್ಕದಲ್ಲಿ 'ಹಣ ಇನ್ನೂ ಬಂದಿಲ್ಲ' ಅಂತ ಕೈಯಲ್ಲೇ ಬರೆದು, ತಾರೀಕು ಹಾಕಿ, ಫೋಟೋ ತೆಗೆದುಕೊಳ್ಳಿ. 'ಪಿಎಫ್‌ನಲ್ಲಿ ಎಕ್ಸಿಟ್ ಡೇಟ್ (ಕೆಲಸ ಬಿಟ್ಟ ತಾರೀಕು) ಹಾಕಲ್ಲ' ಅಂತ ಹೆದರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ಅದನ್ನು ನೀವೇ ಹಾಕಿಕೊಳ್ಳಬಹುದು.